ಪಂಚವೀಸ ಎಂದರೆ ಐವತ್ತೆರಡು

ಒಂದು ಪಾಟಿಯಿಂದ ಮಾತು ಸುರು ಮಾಡುತ್ತೇನೆ. ಪಾಟಿ ನಿಮಗೆ ಕಾಣುವುದಿಲ್ಲ. ಅದರ ಮೇಲೆ ಏನಿದೆ ಎಂದು ನಾನೇ ಹೇಳುತ್ತೇನೆ. ಮೂಲೆ ಒಡೆದ ಕಲ್ಲಿನ ಪಾಟಿ. ಬಳಪದಲ್ಲಿ ಬರೆದ ಮೂರು ಸಂಖ್ಯೆ, ಒಂದರ ಕೆಳಗೊಂದು. ಮೊದಲು ಐವತ್ತೆರಡು. ಅದರ ಕೆಳಗೆ ಮೂವತ್ತೊಂದು. ಕೊನೆಗೆ ನಲವತ್ತು.

ಗುರುಜಿ ಮರಾಠಿಯಲ್ಲಿ ಹೇಳಿ ಬರೆಸಿದ್ದು ಇದನ್ನಲ್ಲ. ಅವರು ಹೇಳಿದ್ದು ಪಂಚವೀಸ, ಅಂದರೆ ಇಪ್ಪತ್ತೈದು. ಆಮೇಲೆ ಏಕೋಣತೀಸ, ಅಂದರೆ ಇಪ್ಪತ್ತೊಂಬತ್ತು. ಆಮೇಲೆ ಚಾಳೀಸ, ನಲವತ್ತು. ಮೂರರಲ್ಲಿ ಒಂದೇ ಸರಿ.

ಆ ಪಾಟಿ ನನ್ನದು. ಊರು ನಾಂದಣಿಯ ಕಡೆಯದು. ಕೊಲ್ಹಾಪುರ ಜಿಲ್ಲೆ, ಶಿರೋಳ ತಾಲೂಕು. ಒಂದು ಕಡೆ ಜಯಸಿಂಗಪುರ, ಇನ್ನೊಂದು ಕಡೆ ಇಚಲಕರಂಜಿ. ಸುತ್ತ ಕಬ್ಬು, ಬದನೆ, ಟೊಮ್ಯಾಟೊ. ಮನೆಯಲ್ಲಿ ಅವ್ವನ ಕನ್ನಡ, ಶಾಲೆಯಲ್ಲಿ ಗುರುಜಿಯ ಮರಾಠಿ. ಗುರುಜಿ ಕೆಟ್ಟವರಲ್ಲ. ಪಾಟಿ ನೋಡಿದರು, ಲಕ್ಷ್ಯ ಕೊಡೋ ಅಂದರು, ಹತ್ತು ಸಲ ಬರೆಸಿದರು. ನಾನು ಹತ್ತು ಸಲ ಬರೆದೆ. ಮರುದಿನ ಪಂಚವೀಸ ಅಂದಾಗ ಮತ್ತೆ ಐವತ್ತೆರಡನ್ನೇ ಬರೆದೆ.

ಮುಂದೆ ನಾನೂ ಮಾಸ್ತರನಾದೆ. ಆಮೇಲೆ ಮಾಸ್ತರರಾಗುವವರಿಗೆ ಪಾಠ ಹೇಳುವ ಕೆಲಸ ಬಂತು. ಇವತ್ತು ನನಗೆ ಕೊಟ್ಟಿರುವ ವಿಷಯವೂ ಅದೇ. ಪಾಠ ಕಟ್ಟುವುದನ್ನು ಕಲಿಸುವುದು ಹೇಗೆ? ಪಾಠ ಮಾಡುವುದು ಬೇರೆ, ಕಟ್ಟುವುದು ಬೇರೆ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಆಮೇಲೆ, ಕೈಗೆ ಏನು ಕೊಡಬೇಕು, ಮಗುವಿಗೆ ತಿಳಿಯಿತೆಂದು ನಮಗೆ ಹೇಗೆ ತಿಳಿಯಬೇಕು, ಇದೆಲ್ಲ ಕಟ್ಟುವ ಕೆಲಸ. ಶಿಕ್ಷಣದ ಪುಸ್ತಕಗಳಲ್ಲಿ ಇದಕ್ಕೆ ಬೋಧನಾ ವಿನ್ಯಾಸ ಎಂಬ ದೊಡ್ಡ ಹೆಸರಿದೆ. ನಮ್ಮ ಕಡೆ ಅದರ ಕಾಗದದ ರೂಪಕ್ಕೆ ಪಾಠ ಟಾಚಣ ಅನ್ನುತ್ತಾರೆ. ಗಡಿಯ ಆಚೆ, ಕರ್ನಾಟಕದಲ್ಲಿ, ಪಾಠ ಯೋಜನೆ.

ನಾನು ಕಲಿತಾಗ ಟಾಚಣಕ್ಕೆ ಐದು ಮೆಟ್ಟಿಲು. ಪೀಠಿಕೆ, ವಿಷಯ ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಜರ್ಮನಿಯ ಹರ್ಬಾರ್ಟ್ ಎಂಬ ತತ್ವಜ್ಞಾನಿಯ ಹೆಸರಿನಲ್ಲಿ ಇವು ಬಂದಿವೆ. ಅವನು ತೀರಿಕೊಂಡದ್ದು 1841ರಲ್ಲಿ. ಅವನು ಹೇಳಿದ್ದು ನಾಲ್ಕು ಮೆಟ್ಟಿಲು, ಶಿಷ್ಯರು ಐದು ಮಾಡಿದರು. ನಾವು ಅದನ್ನು ನಿಂತು ಒಪ್ಪಿಸಿದೆವು. ತಪ್ಪು ಮೆಟ್ಟಿಲುಗಳಲ್ಲಿ ಇರಲಿಲ್ಲ. ಮೆಟ್ಟಿಲು ಕೈಗೆ ಬಂದಾಗ ಎದುರಿಗೆ ಮಗು ಇರಲಿಲ್ಲ, ಅಷ್ಟೇ. ಆದ್ದರಿಂದ ಎಲ್ಲರೂ ಒಂದೇ ಕೆಲಸ ಮಾಡಿದೆವು. ಹಿಂದಿನ ವರ್ಷದವರ ವಹಿ ತಂದು ನಕಲು ಇಳಿಸಿದೆವು. ನನ್ನ ವಹಿ ಮುಂದಿನ ವರ್ಷದವರಿಗೆ ಹೋಯಿತು. ಅದಕ್ಕೆ ಒಳ್ಳೆಯ ಅಂಕ ಬಂತೆಂದೂ ಕೇಳಿದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನನ್ನದೊಂದು ಪಾಟಿ ಇದೆ, ಅದರಲ್ಲಿ ತಪ್ಪು ಇದೆ. ಮತ್ತು ಪಾಠ ಕಟ್ಟುವ ವಿದ್ಯೆಯನ್ನು ಮೆಟ್ಟಿಲುಗಳ ಪಟ್ಟಿಯಾಗಿ ಕಲಿತರೆ ಅದು ನಕಲಿನ ವಹಿಯಾಗುತ್ತದೆ. ಇನ್ನು ಬೇರೆ ದಾರಿಯ ಮಾತು.

ಕೆನಡಾ ದೇಶದಲ್ಲಿ ಹ್ಯಾಮಿಲ್ಟನ್ ಎಂಬ ಊರು. ಅಲ್ಲಿ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ. 1969ರಲ್ಲಿ ಸುಮಾರು ಇಪ್ಪತ್ತು ವಿದ್ಯಾರ್ಥಿಗಳ ಮೊದಲ ತಂಡ ಬಂತು. ವೈದ್ಯರಾಗುವವರು ಎರಡು ವರ್ಷ ಪುಸ್ತಕ ಓದಿ ಆಮೇಲೆ ರೋಗಿಯನ್ನು ನೋಡುವುದು ಆಗ ಬಹಳ ಕಡೆಯ ರೂಢಿ. ಇವರು ಅದನ್ನು ತಿರುಗಿಸಿದರು. ಮೊದಲ ದಿನವೇ ರೋಗಿಯ ಕಥೆಯೊಂದನ್ನು ಐದಾರು ಜನರ ಗುಂಪಿನ ನಡುವೆ ಇಟ್ಟರು. ನಮಗೆ ಏನು ಗೊತ್ತು, ಏನು ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಎಲ್ಲಿ ಹುಡುಕಬೇಕು ಎಂದು ಅವರೇ ಮಾತಾಡಿಕೊಂಡರು. ಹುಡುಕಿ ಬಂದರು, ಮತ್ತೆ ಕೂತರು. ಗುರು ಪಕ್ಕದಲ್ಲಿದ್ದ, ಭಾಷಣ ಮಾಡಲಿಲ್ಲ. ಹೊವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು ಸ್ವಲ್ಪ ಆಮೇಲೆ ಅಲ್ಲಿಗೆ ಬಂದು ಈ ಪದ್ಧತಿಗೆ ಗಟ್ಟಿ ರೂಪ ಕೊಟ್ಟರು. ಅವರದೇ ಇನ್ನೊಂದು ಯುಕ್ತಿ ಇತ್ತು. ಆರೋಗ್ಯವಂತ ಮನುಷ್ಯನಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸುತ್ತಿದ್ದರು. ಅದನ್ನು ನಾನು ಕದ್ದೆ. ಹೇಗೆಂದು ಮುಂದೆ ಹೇಳುತ್ತೇನೆ.

ಇದಕ್ಕೆ ಸಮಸ್ಯೆ ಆಧಾರಿತ ಕಲಿಕೆ ಎಂದು ಹೆಸರು. ಹೆಸರು ಕೇಳಿ ಹೆದರಬೇಡಿ. ನಮ್ಮ ಅವಧಾನಿಗಳ ಮುಂದೆ ಪೃಚ್ಛಕರು ಸಮಸ್ಯೆ ಇಡುವುದನ್ನು ಕೇಳಿದ್ದೀರಿ. ಪದ್ಯದ ಕೊನೆಯ ಸಾಲನ್ನು ಮೊದಲೇ ಕೊಟ್ಟುಬಿಡುತ್ತಾರೆ. ಆ ಸಾಲು ಅಡ್ಡಾದಿಡ್ಡಿ ಇರುತ್ತದೆ, ಅರ್ಥವೇ ಕೂಡುವುದಿಲ್ಲ. ಅದು ಅರ್ಥವಾಗುವಂತೆ ಮೇಲಿನ ಮೂರು ಸಾಲು ಅವಧಾನಿ ಕಟ್ಟಬೇಕು. ಛಂದಸ್ಸು, ವ್ಯಾಕರಣ, ಪುರಾಣ, ಎಲ್ಲವೂ ಆ ಒಂದು ಸಾಲಿನ ಕರೆಗೆ ಎದ್ದು ಬರಬೇಕು. ನನ್ನ ಪಾಟಿಯ ಐವತ್ತೆರಡು ಅಂಥದೇ ಕೊನೆಯ ಸಾಲು. ಅದರ ಮೇಲಿನ ಮೂರು ಸಾಲು ಏನು?

ಸರಿ. ಮೊದಲು ತೊಡಕು, ಆಮೇಲೆ ವಿದ್ಯೆ. ಕೆನಡಾದವರು ವೈದ್ಯರಿಗೆ ಮಾಡಿದ್ದು ಇದು. ಮಾಸ್ತರರಿಗೆ ಮಾಡಿದರೆ ಏನಾಗುತ್ತದೆ?

ಡಿ.ಎಡ್. ಓದುವ ಹತ್ತು ಹನ್ನೆರಡು ಜನ ಇದ್ದರು. ನಾನು ಆ ಪಾಟಿಯ ನಕಲನ್ನು ನಡುವೆ ಇಟ್ಟೆ. ಎರಡನೇ ಇಯತ್ತೆಯ, ಅಂದರೆ ಎರಡನೇ ತರಗತಿಯ ಹುಡುಗ, ನಾಳೆ ಇವನಿಗೆ ನಲವತ್ತು ನಿಮಿಷದ ಪಾಠ ಕಟ್ಟಿಕೊಡಿ ಅಂದೆ. ಪಾಟಿ ನನ್ನದೆಂದು ಹೇಳಲಿಲ್ಲ.

ಮೊದಲ ಮಾತು ಬೇಗ ಬಂತು. "ಹುಡುಗಗ ಲಕ್ಷ್ಯ ಇಲ್ಲ ಸರ." ಎರಡನೆಯದೂ ಬಂತು. "ಹತ್ತ ಸಲ ಬರಸಬೇಕ್ರಿ." ನನಗೆ ನಗು ಬಂತು. ಮೂವತ್ತು ವರ್ಷ ಕಳೆದರೂ ಔಷಧ ಅದೇ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಕಲಿಸುವವನಿಗೆ ಇದು ಕಷ್ಟದ ಹೊತ್ತು. ಉತ್ತರ ಬಾಯಿಯ ತುದಿಯಲ್ಲಿ ಇರುತ್ತದೆ, ನುಂಗಬೇಕು. ಆಗ ಗಡಹಿಂಗ್ಲಜ ಕಡೆಯ ಒಬ್ಬ ಹುಡುಗಿ ಕೇಳಿದಳು. "ಸರ, ಇದನ್ನ ಕನ್ನಡದಾಗ ಹೇಳಿದ್ರ ಅಂವ ಏನ ಬರೀತಾನ?"

ಆ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಇಲ್ಲ, ಹುಡುಗನ ಹತ್ತಿರ ಇದೆ. ಬ್ಯಾರೋಸರ ಯುಕ್ತಿ ಕದ್ದೆ ಅಂದೆನಲ್ಲ, ಅದು ಇಲ್ಲಿ. ಹುಡುಗ ನಾನೇ, ಕೇಳು ಅಂದೆ. ನೆಲದ ಮೇಲೆ ಕೂತೆ, ಬಳಪ ಹಿಡಿದೆ. ಅವಳು ಹೇಳಿದಳು. "ಇಪ್ಪತ್ತೈದು ಬರಿಯೋ ತಮ್ಮಾ." ನಾನು ಎರಡು ಬರೆದೆ, ಮುಂದೆ ಐದು ಬರೆದೆ. ಸರಿಯಾಗಿತ್ತು. "ಇಪ್ಪತ್ತೊಂಬತ್ತು." ಅದೂ ಸರಿ.

ಆಮೇಲೆ ಮಾತು ನಿಲ್ಲಿಸಲು ಆಗಲಿಲ್ಲ. ಕೇಳುಗರೇ, ನೀವೂ ಒಮ್ಮೆ ಬಾಯಲ್ಲಿ ಹೇಳಿ ನೋಡಿ. ಇಪ್ಪತ್ತೈದು. ಇಪ್ಪತ್ತು ಮುಂದೆ, ಐದು ಹಿಂದೆ. ಬರೆಯುವುದೂ ಹಾಗೆಯೇ, ಎರಡು ಮುಂದೆ, ಐದು ಹಿಂದೆ. ಕನ್ನಡದಲ್ಲಿ ಹನ್ನೊಂದರಿಂದಲೇ ಹತ್ತು ಮುಂದೆ ನಡೆಯುತ್ತದೆ. ಈಗ ಮರಾಠಿ. ಪಂಚವೀಸ. ಪಂಚ ಮುಂದೆ, ವೀಸ ಹಿಂದೆ. ಹುಡುಗ ಕೇಳಿದ ಕ್ರಮದಲ್ಲೇ ಬರೆದ. ಅವನ ಲಕ್ಷ್ಯ ಸ್ವಲ್ಪ ಹೆಚ್ಚೇ ಇತ್ತು. ಏಕೋಣತೀಸದ್ದು ಇನ್ನೂ ಬೇರೆ. ಮೂವತ್ತಕ್ಕೆ ಒಂದು ಕಡಿಮೆ ಎಂದು ಅದರ ಅರ್ಥ. ನಡುವಿನ ಓಣ ಎಂಬ ಚೂರು ಕಿವಿಯಿಂದ ಜಾರಿದರೆ ಉಳಿಯುವುದು ಏಕತೀಸ. ಅದು ಮೂವತ್ತೊಂದು. ಹುಡುಗ ಬರೆದದ್ದೂ ಮೂವತ್ತೊಂದೇ. ಚಾಳೀಸ ಯಾಕೆ ಸರಿಯಾಯಿತು? ಅದರಲ್ಲಿ ಎರಡು ತುಂಡು ಇಲ್ಲ, ಹಿಂದೆ ಮುಂದೆ ಆಗಲು ಏನೂ ಇಲ್ಲ.

ಇಲ್ಲಿಗೆ ಅವರು ಒಂದು ಕೆಲಸ ಮುಗಿಸಿದ್ದರು. ಮಗುವಿಗೆ ಏನು ಬರುತ್ತದೆ, ಎಲ್ಲಿ ಎಡವುತ್ತದೆ ಎಂದು ಕಂಡುಹಿಡಿದಿದ್ದರು. ಇದನ್ನು ಪುಸ್ತಕದಲ್ಲಿ ಪೂರ್ವಜ್ಞಾನ ಎಂದು ಒಂದು ಸಾಲಿನಲ್ಲಿ ಬರೆದಿರುತ್ತಾರೆ. ವಹಿಯಲ್ಲಿ ನಾವೂ ಅದರ ಎದುರಿಗೆ ಒಂದು ಸಾಲು ಬರೆಯುತ್ತಿದ್ದೆವು. ವಿದ್ಯಾರ್ಥಿಗಳಿಗೆ ನೂರರವರೆಗೆ ಎಣಿಕೆ ಗೊತ್ತಿದೆ. ಎಲ್ಲ ವಹಿಗಳಲ್ಲೂ ಅದೇ ಸಾಲು.

ಈಗ ಎರಡನೆಯ ಕೆಲಸ, ಪರೀಕ್ಷೆ. ತೊಡಕು ಇದೇ ಹೌದೋ ಅಲ್ಲವೋ ನೋಡಲು ಹುಡುಗನಿಗೆ ಯಾವ ಸಂಖ್ಯೆ ಕೊಡಬೇಕು? ಒಬ್ಬ ಹೇಳಿದ, ಬಾವೀಸ ಕೊಡೋಣ, ತೇಹತೀಸ ಕೊಡೋಣ. ಇಪ್ಪತ್ತೆರಡು, ಮೂವತ್ತಮೂರು. ಪಕ್ಕದವನು ಅವನ ಕೈ ಹಿಡಿದ. ಇಪ್ಪತ್ತೆರಡನ್ನು ಹಿಂದೆ ಮುಂದೆ ಮಾಡಿ ಬರೆದರೂ ಇಪ್ಪತ್ತೆರಡೇ! ಹುಡುಗ ಸರಿ ಬರೆಯುತ್ತಾನೆ, ನಾವು ಬಂತು ಎಂದು ಮುಂದೆ ಹೋಗುತ್ತೇವೆ, ತೊಡಕು ಅಲ್ಲೇ ಇರುತ್ತದೆ. ನಾನು ಎಷ್ಟೋ ವರ್ಷ ಮೌಲ್ಯಮಾಪನದ ಬಗ್ಗೆ ಮಾತಾಡಿದ್ದೇನೆ. ಈ ಉದಾಹರಣೆ ನನಗೆ ಹೊಳೆದಿರಲಿಲ್ಲ.

ಮೂರನೆಯ ಹಂತದಲ್ಲಿ ಅವರೇ ನನ್ನನ್ನು ಕರೆದರು. ಹತ್ತರ ಸ್ಥಾನ, ಬಿಡಿ ಸ್ಥಾನ, ಮರಾಠಿಯ ದಶಕ ಏಕಕ, ಇದನ್ನು ಕೈಗೆ ತೋರಿಸುವುದು ಹೇಗೆ ಎಂದು. ಆಗ ಇಪ್ಪತ್ತು ನಿಮಿಷ ಮಾತಾಡಿದೆ. ಎಲ್ಲರೂ ಬರೆದುಕೊಂಡರು, ಹೇಳದೆಯೇ. ಕಡ್ಡಿ ತಂದರು. ಹತ್ತರದೊಂದು ಕಟ್ಟು, ರಬ್ಬರು ಸುತ್ತಿ. ಉಳಿದವು ಬಿಡಿ. ಪಂಚವೀಸ ಎಂದಾಗ ಐದು ಬಿಡಿ ಕಡ್ಡಿ ಬಲಗಡೆ ಇಡಬೇಕು, ಆಮೇಲೆ ಎರಡು ಕಟ್ಟು ಎಡಗಡೆ. ಕಿವಿಗೆ ಐದು ಮೊದಲು ಬರಲಿ, ಅದರ ಜಾಗ ಮಾತ್ರ ಬಲಕ್ಕೆ. ಇಟ್ಟದ್ದನ್ನು ಎಡದಿಂದ ನೋಡಿ ಬರೆಯಬೇಕು. ಏಕೋಣತೀಸಕ್ಕೆ ಮೂರು ಕಟ್ಟು ಇಟ್ಟು, ಒಂದನ್ನು ಬಿಚ್ಚಿ, ಒಂದು ಕಡ್ಡಿ ತೆಗೆದು ಕಿಸೆಗೆ ಹಾಕಬೇಕು. ಆ ಕಿಸೆಯ ಕಡ್ಡಿಗೆ ಅವರು ಓಣ ಎಂದು ಹೆಸರಿಟ್ಟರು.

ನಾಲ್ಕನೆಯದರಲ್ಲಿ ಜಗಳ ಬಂತು. ಒಂದು ಗುಂಪು ಹೇಳಿತು, ಮೊದಲು ಕೆಲವು ದಿನ ವೀಸ ಪಾಂಚ ಎಂದೇ ಹೇಳಿಸೋಣ, ಹತ್ತು ಮುಂದೆ ಬರಲಿ. ಇನ್ನೊಂದು ಗುಂಪು ಹೇಳಿತು, ಸಂತೆಯಲ್ಲಿ ಬದನೆ ಮಾರುವವನು ಪಂಚವೀಸ ರೂಪಾಯಿ ಅನ್ನುತ್ತಾನೆ, ಹುಡುಗ ಬದುಕಬೇಕಾದದ್ದು ಅಲ್ಲಿ. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.

ಆಗ ಅವರಿಗೆ 2019ರ ಕಥೆ ಹೇಳಿದೆ. ಪುಣೆಯ ಬಾಲಭಾರತಿ ಎಂಬ ಪಠ್ಯಪುಸ್ತಕ ಮಂಡಳಿ 1967ರಿಂದ ಮಹಾರಾಷ್ಟ್ರದ ಶಾಲೆಗಳಿಗೆ ಪುಸ್ತಕ ಕೊಡುತ್ತಿದೆ, ಕನ್ನಡ ಮಾಧ್ಯಮದವನ್ನೂ ಸೇರಿಸಿ. 2019ರಲ್ಲಿ ಅದರ ಎರಡನೇ ಇಯತ್ತೆಯ ಗಣಿತದಲ್ಲಿ ಏಕವೀಸದ ಜೊತೆಗೆ ವೀಸ ಏಕ ಎಂಬ ಹೊಸ ಓದು ಬಂತು. ಗಣಿತ ಸಮಿತಿಯ ಆಗಿನ ಮುಖ್ಯಸ್ಥೆ ಡಾಕ್ಟರ್ ಮಂಗಲಾ ನಾರಳೀಕರ, ಸ್ವತಃ ಗಣಿತಜ್ಞೆ. ಮಕ್ಕಳು ಅಂಕಿ ತಿರುಗಿಸಿ ಬರೆಯುತ್ತಾರೆ, ದಕ್ಷಿಣದ ಭಾಷೆಗಳಲ್ಲಿ ಹತ್ತು ಮುಂದೆ ಇದೆ, ಅಲ್ಲಿ ಈ ತೊಡಕಿಲ್ಲ ಎಂಬುದು ಅವರ ಕಡೆಯ ವಾದ. ಮರಾಠಿ ಕೆಡುತ್ತದೆ ಎಂದು ದೊಡ್ಡ ಗದ್ದಲವಾಯಿತು. ವಿಧಾನಸಭೆಯಲ್ಲೂ ಮಾತಾಯಿತು, ನಗೆಚಾಟಿಕೆಯೂ ಆಯಿತು. ಇಂಥದು ಬೇರೆ ಕಡೆಯೂ ಆಗಿದೆ. ನಾರ್ವೆ ದೇಶದವರು 1951ರಲ್ಲೇ ಸರಕಾರಿ ನಿರ್ಣಯದಿಂದ ಐದು-ಇಪ್ಪತ್ತನ್ನು ಇಪ್ಪತ್ತೈದು ಮಾಡಿಕೊಂಡರು. ಟೆಲಿಫೋನ್ ನಂಬರು ತಪ್ಪುತ್ತಿತ್ತಂತೆ. ಅದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಇಂದಿಗೂ ಯಾರಾದರೂ ಮರಾಠಿಯಲ್ಲಿ ಫೋನ್ ನಂಬರು ಜೋಡಿ ಜೋಡಿಯಾಗಿ ಹೇಳಿದರೆ, ಒಂದೊಂದೇ ಅಂಕಿ ಹೇಳ್ರಿ ಅನ್ನುತ್ತೇನೆ.

ಗಮನಿಸಿ. ಈ ಕಥೆಯನ್ನು ಬೆಳಿಗ್ಗೆಯೇ ಹೇಳಿದ್ದರೆ ಅದು ಪೇಪರಿನ ಸುದ್ದಿಯಾಗುತ್ತಿತ್ತು. ಸಂಜೆ ಹೇಳಿದಾಗ ಅವರು ಎರಡೂ ಪಕ್ಷವನ್ನು ಆಗಲೇ ಆಡಿ ಮುಗಿಸಿದ್ದರು.

ಒಂದು ಸಲ ಹಿಂದೆ ನೋಡೋಣ. ಒಂದು ತಪ್ಪು ಪಾಟಿಯಿಂದ ಹೊರಟು, ಮಗುವಿಗೆ ಬರುವುದೇನು, ಪರೀಕ್ಷೆ ಯಾವುದು, ಸಾಮಗ್ರಿ ಯಾವುದು, ಕ್ರಮ ಯಾವುದು, ನಾಲ್ಕನ್ನೂ ಅವರು ಕಂಡುಕೊಂಡರು. ಹಾಗಾದರೆ ಯಾವ ತೊಡಕು ಕೊಟ್ಟರೂ ನಡೆಯುತ್ತದೆಯೇ? ಇಲ್ಲ. ಇದರಲ್ಲಿ ನಾನೇ ಎಡವಿದ್ದೇನೆ.

ನಮ್ಮ ನಾಂದಣಿಯ ಜೈನ ಮಠದಲ್ಲಿ ಒಂದು ಆನೆ ಇತ್ತು. ಮಹಾದೇವಿ ಎಂದು ಹೆಸರು, ಮಾಧುರಿ ಎಂದು ಜನ ಕರೆಯುತ್ತಿದ್ದರು. ಮೂವತ್ತು ವರ್ಷಕ್ಕೂ ಮೇಲೆ ಮಠದಲ್ಲಿತ್ತು. ಕೋರ್ಟಿನ ಆದೇಶದ ಮೇಲೆ 2025ರ ಜುಲೈ ಕೊನೆಗೆ ಅದನ್ನು ಗುಜರಾತಿನ ಜಾಮನಗರದ ವನತಾರಾ ಎಂಬ ಪ್ರಾಣಿ ಕೇಂದ್ರಕ್ಕೆ ಒಯ್ದರು. ಊರು ಅತ್ತಿತು. ಜನ ಕೊಲ್ಹಾಪುರದವರೆಗೆ ನಡೆದುಹೋದರು. ಆ ದಿನಗಳಲ್ಲಿ ನಾನು ತರಬೇತಿಯವರ ಮುಂದೆ ಇದನ್ನೇ ಇಟ್ಟೆ. ಆನೆ ಹೋದ ಮರುದಿನ, ಎರಡನೇ ಇಯತ್ತೆ, ಪಾಠ ವ್ಯವಕಲನ. ಏನು ಮಾಡುತ್ತೀರಿ?

ಬಹಳ ಜಾಣತನದ ಸಮಸ್ಯೆ ಕೊಟ್ಟೆ ಅಂದುಕೊಂಡಿದ್ದೆ. ಹತ್ತು ನಿಮಿಷದಲ್ಲಿ ಕೋಣೆ ಎರಡಾಯಿತು. ಕೋರ್ಟು ಸರಿ, ಕೋರ್ಟು ತಪ್ಪು. ಆನೆಯ ಕಾಲಿನ ನೋವು, ಮಠದ ನೋವು. ಒಬ್ಬಳು ಕಣ್ಣೊರೆಸಿಕೊಂಡಳು. ಪಾಠ ಯಾರೂ ಕಟ್ಟಲಿಲ್ಲ. ನೋಡಲು ಪಾಟಿ ಇರಲಿಲ್ಲ, ಕೇಳಲು ಹುಡುಗ ಇರಲಿಲ್ಲ, ನಾಳೆ ಸರಿಯಾಯಿತೋ ಇಲ್ಲವೋ ತಿಳಿಯುವ ದಾರಿಯೂ ಇರಲಿಲ್ಲ. ಅಂಥ ದಿನ ಮಾಸ್ತರನು ವ್ಯವಕಲನ ಮುಚ್ಚಿಟ್ಟು ಮಕ್ಕಳ ಜೊತೆ ಕೂತುಕೊಳ್ಳಬೇಕು. ಅದನ್ನು ತರಬೇತಿಯ ಸಮಸ್ಯೆ ಮಾಡಿದ್ದು ನನ್ನ ತಪ್ಪು. ಈಗ ಸಮಸ್ಯೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಒಂದು ಪಾಟಿಯ ಮೇಲೆ ಹಿಡಿಯುತ್ತದೆಯೇ?

ಇಷ್ಟರವರೆಗೆ ಒಂದು ಕೋಣೆಯ ಮಾತು ಹೇಳಿದೆ. ದೊಡ್ಡ ಮಟ್ಟದಲ್ಲಿ ಹೀಗೆ ಯಾರಾದರೂ ಮಾಡಿದ್ದಾರೆಯೇ? ಮಾಡಿದ್ದಾರೆ, ಕನ್ನಡದಲ್ಲೇ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕು. ಕಾಡಂಚಿನ ಹಳ್ಳಿಗಳು. ವರ್ಷ 1995. ಒಂದು ಕೋಣೆ, ಒಬ್ಬ ಮಾಸ್ತರ, ಮೂರು ನಾಲ್ಕು ತರಗತಿಯ ಮಕ್ಕಳು ಒಟ್ಟಿಗೆ. ವಾರಗಟ್ಟಲೆ ಶಾಲೆಗೆ ಬಾರದ ಮಗು ಬಂದಾಗ ಪುಸ್ತಕ ಹದಿನೈದು ಪುಟ ಮುಂದೆ ಹೋಗಿರುತ್ತದೆ. ಅಲ್ಲಿಯ ಸರಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋದರು. ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಪುಸ್ತಕದ ಬದಲು ಕಾರ್ಡುಗಳಿದ್ದವು. ಮರಳಿ ಬಂದು ತಮ್ಮ ಮಕ್ಕಳಿಗೆ ತಾವೇ ಕಾರ್ಡು ಬರೆದರು. ನಲಿ-ಕಲಿ ಹುಟ್ಟಿದ್ದು ಹೀಗೆ.

ಅದರ ನಡುವೆ ಇರುವುದು ಕಲಿಕಾ ಏಣಿ. ಗೋಡೆಯ ಮೇಲೆ ಉದ್ದದ ಹಾಳೆ, ಅದರಲ್ಲಿ ಮೆಟ್ಟಿಲು, ಮೆಟ್ಟಿಲಿಗೊಂದು ಚಿಕ್ಕ ಚಿತ್ರ. ಮಗು ತಾನು ಯಾವ ಚಿತ್ರದ ಹತ್ತಿರ ಇದ್ದೇನೆ ಎಂದು ತಾನೇ ನೋಡಿ ಕಾರ್ಡು ತೆಗೆದುಕೊಳ್ಳುತ್ತದೆ. ತಿಂಗಳು ಬಿಟ್ಟು ಬಂದರೂ ಅದರ ಮೆಟ್ಟಿಲು ಅಲ್ಲೇ ಕಾದಿರುತ್ತದೆ. ಗೈರುಹಾಜರಿ ಎಂಬ ತೊಡಕು ಏಣಿಯನ್ನು ಹಡೆಯಿತು.

ಇನ್ನೊಂದು ಬೆಡಗು ಕೇಳಿ. ಏಣಿಯ ಮೊದಲ ಅಕ್ಷರಗಳು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಮೊದಲ ಸಲ ಕೇಳಿದಾಗ ನನಗೂ ಸಿಟ್ಟು ಬಂದಿತ್ತು, ಅಜ್ಜನ ಕಾಲದ ಅಕ್ಷರಮಾಲೆಯನ್ನು ಹರಿದರಲ್ಲ ಎಂದು. ಆಮೇಲೆ ಕೂತು ಎಣಿಸಿದೆ. ಹದಿಮೂರು ಸ್ವರ ಕಲಿತ ಮಗು ಆ, ಈ ಎಂಬಂಥ ಒಂದಕ್ಷರದವನ್ನು ಬಿಟ್ಟರೆ ಒಂದು ಪದವನ್ನೂ ಓದಲಾರದು. ಈ ಐದು ಅಕ್ಷರ ಕಲಿತ ಮಗು ಸರ ಓದುತ್ತದೆ, ಅರಸ ಓದುತ್ತದೆ, ಅಗಸ, ದಸರ, ಸರಸರ, ಗರಗರ. ಐದೂ ದುಂಡಗೆ, ಒಂದರ ಮೈ ಇನ್ನೊಂದಕ್ಕೆ ಹತ್ತಿರ. ಬರೆಯುವ ಕೈಗೂ ಸುಲಭ. ಮೊದಲ ವಾರವೇ ಮಗು ಓದಬೇಕು ಎಂಬ ಹಟವನ್ನು ಎದುರಿಗೆ ಇಟ್ಟುಕೊಂಡವನಿಗೆ ಮಾತ್ರ ಇಂಥ ಕ್ರಮ ಬೇಕೆನಿಸುತ್ತದೆ.

2009-10ರಲ್ಲಿ ನಲಿ-ಕಲಿ ಕರ್ನಾಟಕದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಬಂತು. ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು. ನನ್ನ ತಕರಾರು ಇಲ್ಲಿದೆ. ಹೆಗ್ಗಡದೇವನಕೋಟೆಯ ಶಿಕ್ಷಕರ ಕೈಗೆ ತೊಡಕು ಮೊದಲು ಬಂತು, ಕಾರ್ಡು ಆಮೇಲೆ. ಉಳಿದ ಸಾವಿರಾರು ಜನರ ಕೈಗೆ ಕಾರ್ಡು ಬಂತು, ತೊಡಕು ಬರಲಿಲ್ಲ. ರ ಗ ಸ ದ ಅ ಯಾಕೆ ಎಂದು ಕೇಳಿದರೆ, ಮೇಲಿನಿಂದ ಬಂದಿದೆ ಎನ್ನುವವರನ್ನು ಕಂಡಿದ್ದೇನೆ. ಅವರಿಗೆ ಎರಡು ದಿನ ಆ ಅಕ್ಷರಗಳನ್ನೇ ಕೊಡದೆ, ಅಕ್ಷರಮಾಲೆ ಮುಂದಿಟ್ಟು, ಐದೇ ಅಕ್ಷರದಲ್ಲಿ ಮಗು ಓದಬೇಕು, ಯಾವ ಐದು ಎಂದು ಕೇಳಬಹುದಿತ್ತು. ಬಹಳಷ್ಟು ಜನ ಸರಿಸುಮಾರು ಅಲ್ಲಿಗೇ ಬರುತ್ತಿದ್ದರು. ಕೆಲವರು ಅದಕ್ಕಿಂತ ಒಳ್ಳೆಯದನ್ನೂ ತರುತ್ತಿದ್ದರೇನೋ. ಎರಡು ದಿನ ಖರ್ಚಾಗುತ್ತದೆ, ನಿಜ. ತರಬೇತಿಯ ವೇಳಾಪಟ್ಟಿ ಮಾಡುವವರಿಗೆ ಎರಡು ದಿನ ಎಂದರೆ ಎಂಟು ಭಾಷಣ.

ನನ್ನ ವೇಳೆ ಮುಗಿಯುತ್ತ ಬಂತು. ಪಾಟಿಗೆ ಮರಳುತ್ತೇನೆ.

ಕನ್ನಡದಾಗ ಹೇಳಿದ್ರ ಏನ ಬರೀತಾನ ಎಂದು ಕೇಳಿದ ಹುಡುಗಿ ಈಗ ಗಡಿ ಹಳ್ಳಿಯೊಂದರಲ್ಲಿ ಬಾಯಿಯವರು, ಅಂದರೆ ಶಿಕ್ಷಕಿ. ಆಚೆ ತಿಂಗಳು ಫೋನ್ ಮಾಡಿದ್ದಳು. ನವೆಂಬರಿನಲ್ಲಿ ಕಬ್ಬು ಕಡಿಯುವವರು ಮರಾಠವಾಡದಿಂದ ಬರುತ್ತಾರೆ, ಮಾರ್ಚಿಗೆ ಹೋಗುತ್ತಾರೆ. ಅವರ ಮಗಳೊಬ್ಬಳು ಇವಳ ವರ್ಗದಲ್ಲಿ ನಾಲ್ಕು ತಿಂಗಳು ಕೂತಳಂತೆ. ಆ ಹುಡುಗಿಗೆ ಮರಾಠಿ ಒಂದೇ ಗೊತ್ತು. ಪಂಚವೀಸ ಎಂದರೆ ಸರಿಯಾಗಿ ಬರೆಯುತ್ತಾಳೆ. ಪಕ್ಕದಲ್ಲಿ ಕನ್ನಡ ಮನೆಯ ಹುಡುಗ. ಅವನು ಅವಳಿಗೆ ಇಪ್ಪತ್ತೈದು ಹೇಳಿಕೊಟ್ಟ. ಅವಳು ಐವತ್ತೆರಡು ಬರೆದಳು.

"ಸರ, ಈಗ ಏನ್ ಮಾಡ್ಲಿ?" ಅಂದಳು.

ಎದುರಿಗೆ ಯಾರ ಯಾರ ಪಾಟಿ ಇವೆ ಹೇಳು, ಅಂದೆ.